ಅಜ್ಜಿಗೆ ಮರೆವು ಬಂದ ಮೇಲೆ

ಮಾರ್ಚ್ 4
ಆಸ್ಪತ್ರೆಯ ಕಂಪ್ಯೂಟರ್ ಕೋಣೆ

ಅಕ್ಕನಿಗೆ ನಮಸ್ಕಾರ.

ನಾನು, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಈ ಕಾಗದದ ಮೂಲಕ ಒಂದು ಕಳ್ಳತನವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಮೊನ್ನೆ ಭಾನುವಾರ ಹಾಡಹಗಲಲ್ಲಿ ಆಸ್ಪತ್ರೆಗೆ ಸೇರಿದ ಚರಾಸ್ತಿಯೊಂದನ್ನು ಉಗುರಿನಿಂದ ಕೆರೆದು, ಕಿತ್ತು, ಅಂಗಿಯ ಜೇಬಿಗೆ ಇಳಿಸಿದೆ. ಮಾಲಿನ ವಿವರ: ಎರಡು ಬೆರಳಗಲದ ಅಂಟುಚೀಟಿ. ಅದರ ಮೇಲೆ ನಿನ್ನ ದುಂಡನೆಯ ಅಕ್ಷರದಲ್ಲಿ ಒಂದೇ ಪದ, 'ಅಜ್ಜಿ'.

ಹೌದು, ಅಜ್ಜಿ ಹೋದಳು. ನೀನು ಇಷ್ಟು ವರ್ಷ ಸಾಕಿದ ಆ ಹಳೆಯ ಯುನಿಕ್ಸ್ ಸರ್ವರು ಈಗ ಉಗ್ರಾಣದಲ್ಲಿ, ಕಾಲು ಮುರಿದ ಸ್ಟ್ರೆಚರಿನ ಪಕ್ಕ ಮಲಗಿದೆ. ಅವಳ ಜಾಗದಲ್ಲಿ ಹೊಸ ಪೆಟ್ಟಿಗೆ ಬಂದಿದೆ, ಅದನ್ನು ನಡೆಸುವ ಯುನಿಕ್ಸೂ ಹೊಸದು. ಹೆಸರು ಮಾತ್ರ ಹಳೆಯದೇ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟ ಹಾಗೆ ಅಂದುಕೋ.

ನೀನು ಈಗ ಕೇಳುವುದು ನನಗೆ ಗೊತ್ತು: "ಎಲ್ಲಾ ಸರಿಯಾಗಿ ನಡೀತಿದೆಯೇನೋ?"

ನಡೆಯುತ್ತಿದೆ. ಒಂದೇ ಒಂದು ಸಣ್ಣ ತೊಡಕು: ಅಜ್ಜಿಗೆ ಮರೆವು ಬಂದಿದೆ. ನೀನು ಹೆಸರಿಟ್ಟ ಪ್ರಿಂಟರುಗಳನ್ನೆಲ್ಲ ಮರೆತಿದ್ದಾಳೆ. ಲ್ಯಾಬಿನಿಂದ ರಕ್ತಪರೀಕ್ಷೆಯ ವರದಿ ಬರುತ್ತದೆ, ಅಜ್ಜಿ ಅದನ್ನು ಕೈಗೆತ್ತಿಕೊಳ್ಳುತ್ತಾಳೆ, ಹೆಂಗಸರ ವಾರ್ಡಿನ 'ಚಿಕ್ಕಮ್ಮ'ನಿಗೋ ಆಪರೇಷನ್ ಥಿಯೇಟರಿನ 'ದೊಡ್ಡಪ್ಪ'ನಿಗೋ ಕಳಿಸಿದೆ ಅನ್ನುತ್ತಾಳೆ. ಅಲ್ಲಿ ಹೋಗಿ ನೋಡಿದರೆ ಚಿಕ್ಕಮ್ಮ ಬಾಯಿ ಮುಚ್ಚಿ ಕೂತಿದ್ದಾಳೆ, ದೊಡ್ಡಪ್ಪ ಕೆಮ್ಮುವುದೂ ಇಲ್ಲ. ನಾನು ಅಜ್ಜಿಯ ಬಳಿ ಕೂತು ಪಿಂಗ್ ಮಾಡಿದೆ. "ಚಿಕ್ಕಮ್ಮಾ, ಇದ್ದೀಯಾ?" ಎಂದರೆ "ಇದ್ದೀನಿ" ಅನ್ನುವ ಉತ್ತರ ಬರುತ್ತದೆ! ಅಂದಮೇಲೆ ಹೆಸರಿನಲ್ಲಿ ದೋಷವಿಲ್ಲ, ವೈರಿನಲ್ಲೇ ಇದೆ ಎಂದು ತೀರ್ಮಾನಿಸಿ ಮೂರು ಮಹಡಿಯ ವೈರುಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದೇನೆ. ಸದ್ಯಕ್ಕೆ ವರದಿಗಳನ್ನು ನಾನೇ ಹೊತ್ತು ಓಡುತ್ತೇನೆ. ವಾರ್ಡಿನ ಸಿಸ್ಟರ್ ನನ್ನನ್ನು ಕಂಡರೆ, "ಬಂತು ನೋಡ್ರೀ ನಮ್ಮ ಹೊಸ ಸರ್ವರು, ಕಾಲಿರೋದು" ಅನ್ನುತ್ತಾರೆ.

ಸಹಾಯ ಕೇಳಲು ಬರೆಯುತ್ತಿಲ್ಲ, ಸುದ್ದಿ ತಿಳಿಸಲು ಬರೆಯುತ್ತಿದ್ದೇನೆ. ಫೋನ್ ಮಾಡಿದರೆ "ಈ ಸಂಖ್ಯೆ ಬಳಕೆಯಲ್ಲಿಲ್ಲ" ಎಂದು ಒಬ್ಬ ಹೆಂಗಸು ನಿನಗಿಂತ ಮೃದುವಾಗಿ ಹೇಳುತ್ತಾಳೆ. ಆಫೀಸಿನ ಮೇಲ್ ನಿನ್ನ ಹಿಂದೆಯೇ ನಿವೃತ್ತಿಯಾಯಿತು. ಮನೆಗೇ ಬರಬಹುದಿತ್ತು, ಆದರೆ ನೀನು ಬಾಗಿಲು ತೆಗೆಯದಿದ್ದರೆ? ಅಂಚೆಪೆಟ್ಟಿಗೆಯ ಬಾಯಿ ಸದಾ ತೆರೆದೇ ಇರುತ್ತದೆ.

ಇಂತಿ ನಿನ್ನ ತಮ್ಮ
(ಆರೋಪಿ)


ಮಾರ್ಚ್ 29

ಅಕ್ಕಾ,

ಉತ್ತರವಿಲ್ಲ. ಇರಲಿ. ಚಿಕ್ಕಮ್ಮ, ದೊಡ್ಡಪ್ಪನೇ ಮಾತಾಡದ ಕಾಲದಲ್ಲಿ ಅಕ್ಕ ಮಾತಾಡಬೇಕೆಂದು ಯಾವ ಕಾನೂನಿದೆ.

ವಿಜಯವಾರ್ತೆ ಕೇಳು: ಬಗೆಹರಿಸಿದೆ! ಒಬ್ಬನೇ. ವೈರುಗಳೆಲ್ಲ ನಿರಪರಾಧಿಗಳೆಂದು ಸಾಬೀತಾದ ಮೇಲೆ ಬೆಳಗಾಗೆದ್ದು ಹೊಳೆಯಿತು. ಹೆಸರಿನ ಹಂಗೇ ಯಾಕೆ? ಪ್ರತಿ ಪ್ರಿಂಟರಿಗೂ ಹೆಸರಿನ ಹಿಂದೆ ಒಂದು ನಂಬರು ಇದ್ದೇ ಇದೆಯಲ್ಲ, ಮನೆಗೆ ಬಾಗಿಲ ಸಂಖ್ಯೆ ಇದ್ದ ಹಾಗೆ. ಅಜ್ಜಿಯ ಒಳಗೆ 'ಚಿಕ್ಕಮ್ಮ' ಎಂದಿದ್ದ ಕಡೆಯೆಲ್ಲ ಚಿಕ್ಕಮ್ಮನ ನಂಬರು ಬರೆದೆ, 'ದೊಡ್ಡಪ್ಪ' ಇದ್ದ ಕಡೆ ದೊಡ್ಡಪ್ಪನ ನಂಬರು. ಬರೆದು ಬರೆದು ಬೆರಳು ಸವೆಯಿತು. ಆದರೆ ಸಂಜೆಯ ಹೊತ್ತಿಗೆ ಚಿಕ್ಕಮ್ಮ ಹಳೆಯ ಗತ್ತಿನಲ್ಲಿ ಗೊರಗೊರ ಎನ್ನುತ್ತ ವರದಿ ಉಗುಳಿದಳು. ಸಿಸ್ಟರ್ ಚಪ್ಪಾಳೆ ತಟ್ಟಿದರು. ಲ್ಯಾಬಿನಾಕೆ ಚಹಾ ಕುಡಿಸಿದಳು.

ಮೇಲ್ವಿಚಾರಕರು ಕೋಣೆಗೆ ಬಂದು, "ನಿಮ್ಮಕ್ಕನ್ನ ಒಂದು ಮಾತು ಕೇಳಿದ್ರಾ?" ಎಂದರು. "ಅಗತ್ಯ ಬೀಳಲಿಲ್ಲ ಸಾರ್" ಎಂದೆ. ಹೆಸರು ತೆಗೆದು ಹೆಸರು ಗಳಿಸಿದವನು ಈ ಕಟ್ಟಡದಲ್ಲಿ ನಾನೊಬ್ಬನೇ ಇರಬೇಕು.

ಡಿಸೆಂಬರಿನ ಮೀಟಿಂಗಿನಲ್ಲೂ ಅವರು ಇದನ್ನೇ ಕೇಳಿದ್ದರಲ್ಲವೇ. "ಅಪ್‌ಗ್ರೇಡ್ ದಿನ ನಿಮ್ಮಕ್ಕ ಬಂದು ಕೂತ್ಕೊಳ್ಳಬೇಕಾ?" ಅಂತ. ನೀನು ಮೇಜಿನ ಆಚೆ ತುದಿಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದೆ.

ಹೋಗಲಿ ಬಿಡು. ನಿನ್ನ ಮಂಡಿನೋವು ಹೇಗಿದೆ? ಆ ಮನೆಯ ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡು.

ನಿನ್ನ ತಮ್ಮ
(ಗೆದ್ದವನು)


ಮೇ 12

ಅಕ್ಕಾ,

ಜಟ್ಟಿ ಜಾರಿ ಬಿದ್ದಿದ್ದಾನೆ. ಮೀಸೆಯೂ ಮಣ್ಣಾಗಿದೆ.

ಆಸ್ಪತ್ರೆಗೆ ಹೊಸ ಕಟ್ಟಡ ಸೇರುತ್ತಿದೆ. ಅದಕ್ಕಾಗಿ ನೆಟ್‌ವರ್ಕಿನವರು ಕಳೆದ ವಾರ ಎಲ್ಲ ನಂಬರುಗಳನ್ನೂ ಬದಲಿಸಿದರು. ಕೆಲಸ ಮುಗಿಯುವವರೆಗೆ ಮತ್ತೆ ಮತ್ತೆ ಬದಲಿಸುತ್ತಾರಂತೆ. ಹೀಗಾಗಿ ಅಲ್ಲಿಯವರೆಗೆ ದೊಡ್ಡಪ್ಪನದಾಗಿದ್ದ ನಂಬರು ಅಡುಗೆಮನೆ ಉಗ್ರಾಣದ ಪ್ರಿಂಟರಿಗೆ ಸೇರಿತು. ಅಜ್ಜಿ ಪಾಪ, ನಾನು ಬರೆದುಕೊಟ್ಟ ನಂಬರಿಗೇ ನಿಷ್ಠೆಯಿಂದ ಕಳಿಸಿದಳು. ಥಿಯೇಟರಿಗೆ ಹೋಗಬೇಕಿದ್ದ ರಕ್ತದ ವರದಿ ಉಗ್ರಾಣದಲ್ಲಿ ಅಚ್ಚಾಯಿತು. ಅಡುಗೆಯವರು ಅದರ ಬೆನ್ನ ಮೇಲೆ ನಾಳೆಗೆ ಬೇಕಾದ ಈರುಳ್ಳಿಯ ಲೆಕ್ಕ ಬರೆದರು.

ಆ ವರದಿ ಒಬ್ಬ ಟೈಲರಿನದು. ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬೆಳಗಿನಿಂದ ಉಪವಾಸವಿದ್ದು, ಹಸಿರು ನಿಲುವಂಗಿ ತೊಟ್ಟು, ಥಿಯೇಟರಿನ ಹೊರಗೆ ಮಲಗಿದ್ದರು. ವರದಿಯಿಲ್ಲದೆ ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ, ಅದು ಅವರ ತಪ್ಪಲ್ಲ. ನಾನು ಮೂರು ಮಹಡಿ ಓಡಿ, ಉಗ್ರಾಣ ಹುಡುಕಿ, ಈರುಳ್ಳಿ ವಾಸನೆಯ ಕಾಗದ ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅವರ ಸರದಿ ಕಳೆದು, ಮತ್ತೊಂದು ದಿನಕ್ಕೆ ಹೋಗಿತ್ತು.

ಬೈಯುತ್ತಾರೆಂದು ನಿಂತೆ. ಬೈಯಲಿಲ್ಲ. ನಿಲುವಂಗಿಯ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ, "ಏನ್ ಸಾರ್, ಇದನ್ನ ಹೊಲಿದೋರೂ ನಿಮ್ ಥರನೇ, ಅಳತೆ ನೋಡ್ದೇನೇ ಕತ್ತರಿ ಹಾಕಿದ್ದಾರೆ" ಎಂದರು. ಅವರ ಹೆಂಡತಿ ಮಾತ್ರ ನನ್ನ ಮುಖ ನೋಡಲಿಲ್ಲ. ತಂದಿದ್ದ ಹೊದಿಕೆಯನ್ನು ಮಡಿಸಿ ಮಡಿಸಿ ಮತ್ತೆ ಚೀಲಕ್ಕೆ ತುಂಬುತ್ತಿದ್ದರು. ಅದನ್ನು ನೋಡಿಕೊಂಡು ನಿಲ್ಲುವುದು ಕಷ್ಟವಾಯಿತು ಅಕ್ಕಾ.

ನಂಬರು ಬೇಡವೆಂದು ಮತ್ತೆ ಹೆಸರುಗಳನ್ನೇ ಬರೆದೆ. ಅಜ್ಜಿಗೆ ಮತ್ತದೇ ಮರೆವು. ಮೇಲ್ವಿಚಾರಕರು ತಿಂಗಳ ಕೊನೆಯವರೆಗೆ ನೋಡಿ, ಆಮೇಲೆ ಅಜ್ಜಿಯನ್ನೇ ಕಿತ್ತುಹಾಕಿ ಹೊರಗಿನ ಕಂಪನಿಯೊಂದಕ್ಕೆ ವಹಿಸುತ್ತಾರಂತೆ. ನೀನು ಕಟ್ಟಿದ್ದೊಂದೂ ಹೇಳಹೆಸರಿಲ್ಲದಂತಾಗುತ್ತದೆ. ಕೆಡಿಸಿದವನು ನಾನು.

ಈ ಕಾಗದ ಸುದ್ದಿ ತಿಳಿಸಲು ಅಲ್ಲ. ಕೇಳಲು.

ಕೋಪವಿದ್ದರೆ ಇರಲಿ. ಕೋಪದ ಜೊತೆಗೇ ಒಂದು ಸಾಲು ಬರೆ.

ತಮ್ಮ


ಮೇ 20

ಪ್ರೀತಿಯ ಗೊತ್ತಪ್ಪನಿಗೆ,

ನಿನ್ನ ಮೂರು ಕಾಗದಗಳೂ ನಿನ್ನೆ ಒಟ್ಟಿಗೆ ಬಂದವು. ತಂದುಕೊಟ್ಟವರು ಒಬ್ಬರು ಪಿ.ಟಿ. ಮೇಷ್ಟ್ರು. ಹೆಂಡತಿಯೊಂದಿಗೆ ನನ್ನ ಹಳೇ ಮನೆಯಲ್ಲಿ ಬಾಡಿಗೆಗಿದ್ದಾರೆ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆಂದು ಕಾದು ಕಾದು, ಕೊನೆಗೆ ಮನೆಯ ಯಜಮಾನರ ಬಳಿ ವಿಳಾಸ ಕೇಳಿ ಸೈಕಲ್ ತುಳಿದುಕೊಂಡು ಬಂದರು. ಯಾಕೆಂದರೆ, ಜಾಣಾ, ಜನವರಿಯಲ್ಲೇ ನಾನು ಮನೆ ಬದಲಿಸಿದೆ. ಮಂಡಿಗೆ ಆ ಮೆಟ್ಟಿಲು ಆಗುತ್ತಿರಲಿಲ್ಲ. ಈಗ ಸೇತುವೆಯಾಚೆ, ನೆಲಮಹಡಿ.

ಇದನ್ನು ನಿನಗೆ ಹೇಳಿರಲಿಲ್ಲವೇ? ಹೇಳಿದ್ದೆ. ಕೆಲಸದ ಕೊನೆಯ ದಿನ, ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದೆ. "ಆಫೀಸಿನ ಸಿಮ್ ವಾಪಸ್ ಕೊಡ್ತಿದ್ದೀನಿ ಕಣೋ, ಹೊಸ ನಂಬರ್ ಬರ್ಕೋ. ಮನೇನೂ ಬದಲಾಗತ್ತೆ, ವಿಳಾಸ ಬರ್ಕೋ." ನೀನು ಪರದೆಯಿಂದ ಕಣ್ಣೆತ್ತದೆ "ಗೊತ್ತು ಗೊತ್ತು" ಅಂದೆ. ಗೊತ್ತಿದ್ದವನಿಗೆ ಮತ್ತೇನು ಹೇಳುವುದು? ಐದು ತಿಂಗಳು ನಾನೂ ನಿನ್ನ ದಾರಿ ಕಾದೆ. ನೀನೂ ಬರಲಿಲ್ಲ, ಫೋನೂ ಇಲ್ಲ. ಇವನಿಗೆ ಅಕ್ಕ ಬೇಡವಾದಳು ಎಂದುಕೊಂಡೆ.

ಮೀಟಿಂಗಿನ ಮಾತೂ ಬರೆದಿದ್ದೀಯ. ಬೇಸರವಾಗಿದ್ದು ನಿಜ. ನೀನು ಒಬ್ಬನೇ ಮಾಡುತ್ತೇನೆಂದದ್ದಕ್ಕಲ್ಲ. ನಾನು ಅಲ್ಲೇ ಕೂತಿರುವಾಗ "ಅವರನ್ನು ಕರೆಯೋದು ಬೇಡ" ಅಂದೆಯಲ್ಲ, ಅದಕ್ಕೆ. ಅಷ್ಟೇ. ಇನ್ನು ಅದನ್ನು ಎತ್ತಬೇಡ.

ಈಗ ಅಜ್ಜಿಯ ವಿಷಯ. ಪಿಂಗ್ ಮಾಡಿದಾಗ ಉತ್ತರ ಬಂತು ಅಂದೆ. ಉತ್ತರ ಬಂದದ್ದು ಯಾವ ನಂಬರಿನಿಂದ? ನೋಡಿದೆಯಾ? ನೋಡಿರುವುದಿಲ್ಲ. ಚಿಕ್ಕಮ್ಮನಿಗೂ ದೊಡ್ಡಪ್ಪನಿಗೂ ಒಂದೇ ನಂಬರು ಬರುತ್ತಿದೆಯೋ ನೋಡು. ಆಮೇಲೆ ಜಗತ್ತಿನಲ್ಲೇ ಇಲ್ಲದ ಒಂದು ಹೆಸರು ಕೊಟ್ಟು ಪಿಂಗ್ ಮಾಡು. ಅದಕ್ಕೂ ಉತ್ತರ ಬಂದರೆ, ಅಜ್ಜಿ ಮೊದಲು ಯಾರನ್ನು ಕೇಳುತ್ತಿದ್ದಾಳೆ ಅಂತ ಹುಡುಕು. ನನ್ನ ಕಾಲದಲ್ಲಿ ಮೊದಲು ಮನೆ, ಆಮೇಲೆ ಊರು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಉಳಿದದ್ದು ನೀನೇ ಕಂಡುಹಿಡಿಯುತ್ತೀಯ.

ಹೆಸರುಗಳನ್ನು ಮತ್ತೆ ತೆಗೆಯಬೇಡ. ಹೆಸರಿದ್ದರೆ ನಂಬರು ಎಷ್ಟು ಸಲ ಬದಲಾದರೂ ಒಂದೇ ಜಾಗದಲ್ಲಿ ತಿದ್ದಿದರೆ ಸಾಕು.

ಆ ಟೈಲರ್ ಹೇಗಿದ್ದಾರೆಂದು ಬರೆ. ಹಳೇ ಮನೆಯ ಒಂದು ಬೀಗದ ಕೈ ನಿನ್ನಲ್ಲೇ ಉಳಿದಿದೆ, ಯಜಮಾನರಿಗೆ ಕೊಟ್ಟುಬಿಡು. ಹೊಸ ವಿಳಾಸ ಲಕೋಟೆಯ ಹಿಂದಿದೆ. ಫೋನ್ ನಂಬರು ಕೊಡುವುದಿಲ್ಲ. ನೀನು ಮಾತಾಡುವುದಕ್ಕಿಂತ ಬರೆಯುವುದು ಚೆನ್ನಾಗಿದೆ.

ಅಕ್ಕ


ಜೂನ್ 3

ಅಕ್ಕಾ!

ಇಲ್ಲದ ಹೆಸರು ಕೊಡು ಅಂದೆ. ಬೇರೇನೂ ತೋಚದೆ 'ಕತ್ತೆ' ಎಂದು ಹೊಡೆದೆ. ಅಜ್ಜಿ ಒಂದು ಕ್ಷಣವೂ ತಡೆಯದೆ, ಕತ್ತೆ ಇದೆ, ಇಗೋ ನಂಬರು, ಆರೋಗ್ಯವಾಗಿದೆ ಎಂದಳು. ನಂಬರು ನೋಡಿದೆ. ಚಿಕ್ಕಮ್ಮನಿಗೂ ದೊಡ್ಡಪ್ಪನಿಗೂ ಕೊಟ್ಟ ಅದೇ ನಂಬರು! ನಮ್ಮ ವಂಶದ ಹಿರಿಯರನ್ನೆಲ್ಲ ಕತ್ತೆಯ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಳು. ಲ್ಯಾಬಿನಾಕೆ ಹಿಂದೆ ನಿಂತು ನೋಡುತ್ತಿದ್ದವಳು, "ಸಾರ್, ಅದು ನಿಮ್ಮದೇ ಕಂಪ್ಯೂಟರ್ ಇರಬೇಕು, ನೋಡಿ" ಎಂದಳು.

ವಿಷಯ ನೀನು ಊಹಿಸಿದ್ದೇ. ಹಳೆಯ ಪೆಟ್ಟಿಗೆಯಿಂದ ಬಂದ, ನೀನು ಬರೆದಿಟ್ಟ ಹೆಸರುಗಳ ಫೈಲು ಅಜ್ಜಿಯ ಒಳಗೆ ಹಾಗೇ ಇದೆ, ಒಂದಕ್ಷರ ಅಳಿಸಿಲ್ಲ. ಆದರೆ ಮೊದಲು ಯಾರನ್ನು ಕೇಳಬೇಕೆಂದು ಹೇಳುವ ಒಂದು ಸಾಲಿದೆಯಲ್ಲ, ಅದನ್ನು ಹೊಸ ಯುನಿಕ್ಸ್ ತಿರುವುಮುರುವು ಮಾಡಿತ್ತು. ಮೊದಲು ಆಸ್ಪತ್ರೆಯ ಮುಖ್ಯ ಕಚೇರಿಯಲ್ಲಿ ಹೆಸರಿಗೆ ನಂಬರು ಹೇಳುವ ಡಿಎನ್‌ಎಸ್ಸನ್ನು ಕೇಳು, ಅಲ್ಲಿ ಇಲ್ಲವೆಂದರೆ ಮಾತ್ರ ಮನೆಯ ಫೈಲನ್ನು ನೋಡು ಅಂತ. ಅದಾದರೂ ಪರವಾಗಿರಲಿಲ್ಲ. ಆದರೆ ಮುಖ್ಯ ಕಚೇರಿಯವರು ಯಾವ ಹೆಸರು ಕೇಳಿದರೂ 'ಇಲ್ಲ' ಅನ್ನಬೇಡ, ನಮ್ಮದೇ ಒಂದು ಯಂತ್ರದ ನಂಬರು ಕೊಟ್ಟುಬಿಡು ಎಂದು ಏರ್ಪಾಡು ಮಾಡಿದ್ದಾರೆ. ಆ ಯಂತ್ರವೋ, ಬಂದ ವರದಿಯನ್ನೆಲ್ಲ ನುಂಗಿ ನೀರು ಕುಡಿಯುವುದು. ಊರಿನವನು 'ಗೊತ್ತಿಲ್ಲ' ಎಂದಿದ್ದರೆ ಅಜ್ಜಿ ಮನೆಗೆ ಬಂದು ಕೇಳುತ್ತಿದ್ದಳು. ಅವನು 'ಗೊತ್ತು ಗೊತ್ತು' ಎಂದ. ಅವಳು ನಂಬಿದಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಇದನ್ನು ಓದಿ ನೀನು ನಗುತ್ತಿರುವುದು ಸೇತುವೆಯ ಈಚೆಗೂ ಕೇಳಿಸುತ್ತಿದೆ. ನಗು.

ಎರಡು ಪದಗಳನ್ನು ಅದಲುಬದಲು ಮಾಡಿದೆ. ಮೊದಲು ಮನೆ, ಆಮೇಲೆ ಊರು. ನಿನ್ನ ಫೈಲಿನಲ್ಲಿ ಹೊಸ ನಂಬರುಗಳನ್ನು ತುಂಬಿದೆ. 'ಕತ್ತೆ' ಈಗಲೂ ಇದೆ ಅನ್ನುತ್ತಾಳೆ, ಮುಖ್ಯ ಕಚೇರಿಯವರಿಗೆ ಬರೆದಿದ್ದೇನೆ. ಆದರೆ ಚಿಕ್ಕಮ್ಮ ಚಿಕ್ಕಮ್ಮನಲ್ಲೇ ಇದ್ದಾಳೆ. ದೊಡ್ಡಪ್ಪ ಒಮ್ಮೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು ವರದಿ ಹೊರಡಿಸಿದ. ಮೊದಲು ಬಂದದ್ದರಲ್ಲಿ ಟೈಲರಿನದೂ ಇತ್ತು. ಅವರ ಶಸ್ತ್ರಚಿಕಿತ್ಸೆ ಶುಕ್ರವಾರ ಆಯಿತು. ನೋಡಲು ಹೋದರೆ, "ಸಾರ್, ನಿಮ್ಮ ಅಂಗಿ ಜೇಬು ಬಾಯಿ ಬಿಟ್ಟಿದೆ, ಮನೆಗೆ ಹೋದ್ಮೇಲೆ ಹೊಲಿದುಕೊಡ್ತೀನಿ ತನ್ನಿ" ಎಂದರು. ಹೆಂಡತಿ ಈ ಸಲ ಕುರ್ಚಿ ಎಳೆದು ಕೂರಿಸಿದರು. ಅಜ್ಜಿಯನ್ನು ಕೀಳುವ ಮಾತನ್ನು ಮೇಲ್ವಿಚಾರಕರು ಕೈಬಿಟ್ಟಿದ್ದಾರೆ. "ಯಾರು ಕಂಡುಹಿಡಿದದ್ದು?" ಎಂದು ಕೇಳಿದರು. ಎಲ್ಲರೆದುರು ಹೇಳಿದೆ: "ನಂಗೆ ಗೊತ್ತಾಗಲಿಲ್ಲ ಸಾರ್. ನಮ್ಮಕ್ಕನ್ನ ಕೇಳಿದೆ." ಆಕಾಶವೇನೂ ಕಳಚಿ ಬೀಳಲಿಲ್ಲ.

ಈ ಭಾನುವಾರ ಬರುತ್ತೇನೆ. ಚೀಟಿಯೂ ಜೇಬಲ್ಲೇ ಇದೆ, ಕಳ್ಳಮಾಲನ್ನು ಒಡತಿಗೇ ಒಪ್ಪಿಸುತ್ತೇನೆ. ದಾರಿ ಹೇಳಿಕೊಡುವ ಶ್ರಮ ತೆಗೆದುಕೊಳ್ಳಬೇಡ. ಹೊಸ ವಿಳಾಸ ಬಾಯಿಪಾಠವಾಗಿದೆ. ಇಡೀ ಆಸ್ಪತ್ರೆಗೆ ವಿಳಾಸ ಸರಿಮಾಡಿಕೊಟ್ಟವನಿಗೆ ಸ್ವಂತ ಅಕ್ಕನ ಮನೆ ಸಿಗುವುದಿಲ್ಲವೇ! ಲಕೋಟೆಯನ್ನೂ ತರುವುದಿಲ್ಲ, ನೋಡುತ್ತಿರು.

ನಿನ್ನ ತಮ್ಮ
(ಮಾಜಿ ಗೊತ್ತಪ್ಪ)


ಜೂನ್ 7, ಭಾನುವಾರ
(ಅಂಚೆಯಲ್ಲಿ ಅಲ್ಲ, ಪಿ.ಟಿ. ಮೇಷ್ಟ್ರ ಕೈಯಲ್ಲಿ)

ಅಕ್ಕಾ,

ದಯವಿಟ್ಟು ಮೇಷ್ಟ್ರಿಗೆ ನೀರು ಕೊಡು, ಬಿಸಿಲಲ್ಲಿ ಸೈಕಲ್ ತುಳಿದಿದ್ದಾರೆ. ಆಮೇಲೆ ಕೂತು ಓದು. ನಿಂತು ಓದಬೇಡ.

ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಇಳಿದೆ, ನಡೆದೆ, ಮೆಟ್ಟಿಲು ಹತ್ತಿದೆ. "ನೀನು ಬಂದ್ರೆ ಬಾಗ್ಲು ತಟ್ಟಬೇಡ ಕಣೋ, ತೆಗ್ದುಕೊಂಡು ಬಾ" ಅಂತ ನೀನು ಬೀಗದ ಕೈ ಕೊಟ್ಟಿದ್ದೆಯಲ್ಲ. ತಟ್ಟಲಿಲ್ಲ. ಬೀಗ ತೆಗೆದೆ, ಚಪ್ಪಲಿ ಬಿಟ್ಟೆ, "ಅಕ್ಕಾ" ಎಂದು ಕೂಗುತ್ತ ಒಳಗೆ ಹೋದೆ. ಒಳಗೆ ಮೇಷ್ಟ್ರು ಬನಿಯನ್ನಿನಲ್ಲಿ ತಲೆಕೆಳಗಾಗಿ ಯೋಗ ಮಾಡುತ್ತಿದ್ದರು.

ಮೆಟ್ಟಿಲಿದ್ದದ್ದು ನೋಡಿದಾಗಲಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ನಿನ್ನ ಹೊಸ ವಿಳಾಸ ಈಗಲೂ ಬಾಯಿಪಾಠ, ಬೇಕಾದರೆ ಒಪ್ಪಿಸುತ್ತೇನೆ. ಕಾಲುಗಳು ನನ್ನನ್ನು ಕೇಳಲೇ ಇಲ್ಲ.

ಅವರು ಸೀಟಿ ಊದಿದರು. ನೆರೆಹೊರೆಯವರು ಸೇರಿದರು. ಈಗ ನಾನು ನಿನ್ನ ಹಳೇ ಅಡುಗೆಮನೆಯಲ್ಲಿ ಸ್ಟೂಲಿನ ಮೇಲಿದ್ದೇನೆ. ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ಪೊರಕೆ ಹಿಡಿದು ಕಾಯುತ್ತಿದ್ದಾರೆ. ಬೀಗದ ಕೈ ಜಪ್ತಿಯಾಗಿದೆ. ನಾನು ನಿನ್ನ ತಮ್ಮ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ಗುರುತಿಗೆ ಏನಿದೆ ಎಂದರು. ಜೇಬು ತಡಕಿದೆ. ಪರ್ಸು ಮನೆಯಲ್ಲೇ ಲಕೋಟೆಯ ಪಕ್ಕ ಕೂತಿದೆ. ಸಿಕ್ಕಿದ್ದು ಆ ಚೀಟಿ. ಮೇಷ್ಟ್ರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು: "ಅಜ್ಜಿ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ?" ಎಂದರು.

ನಿನ್ನ ತಮ್ಮ ಒಬ್ಬನಿದ್ದಾನೆಂದು ಅವರಿಗೆ ಗೊತ್ತಿದೆ. ಅದೇ ತೊಂದರೆಯಾಗಿರುವುದು. "ಅವ್ರ ತಮ್ಮ ಭಾರೀ ಬುದ್ಧಿವಂತರು ರೀ" ಎಂದರು. "ಕಾಗದ ಕೊಡಕ್ಕೆ ಹೋದಾಗ ಅಕ್ಕಾವ್ರು ಅವ್ರ ವಿಷ್ಯಾನೇ ಒಂದು ಗಂಟೆ ಹೇಳಿದ್ರು. ಆಸ್ಪತ್ರೆ ಕಂಪ್ಯೂಟರೆಲ್ಲ ಅವ್ರ ಕೈಲೇ ಇದೆಯಂತೆ. ನಮ್ಮವನಿಗೆ ಗೊತ್ತಿಲ್ದಿರೋದಿಲ್ಲ ಅಂತ ಕಣ್ಣೊರೆಸ್ಕೊಂಡು ನಗ್ತಿದ್ರು. ಅಂಥವ್ರು ಅಕ್ಕನ ಮನೆ ಯಾವುದು ಅಂತ ಗೊತ್ತಿಲ್ದೆ ಇನ್ನೊಬ್ರ ಮನೆ ಬೀಗ ತೆಗೀತಾರಾ? ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳ್ಬೇಕು."

ಅಕ್ಕಾ, ನೀನು ಅವರ ಮುಂದೆ ಹೊಗಳಿದ ಆ ತಮ್ಮನನ್ನು ನಾನೂ ನೋಡಿಲ್ಲ.

ಮಂಡಿ ನೋಯುತ್ತದೆಂದು ಗೊತ್ತು. ಮೆಟ್ಟಿಲು ಹತ್ತಬೇಡ, ಕೆಳಗೇ ನಿಂತು ಒಂದು ಸಲ ನನ್ನನ್ನು ಬೈ. ನಿನ್ನ ಬೈಗುಳ ಕೇಳಿದರೆ ಇವರಿಗೆ ಗುರುತು ಸಿಕ್ಕೀತು. ಹಾಗೆಯೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗು. ಸೇತುವೆಯಾಚೆ ಇಳಿದ ಮೇಲೆ ಎಡಕ್ಕೋ ಬಲಕ್ಕೋ, ನಿಜವಾಗಿ ನನಗೆ

ಗೊತ್ತಿಲ್ಲ.

ತಮ್ಮ